ಕಾರಿನ ಪಿಕಪ್ ಹೆಚ್ಚಿಸುವ ಮುನ್ನ: ಎಂಜಿನ್‌ನಿಂದ ಗಾಲಿಯವರೆಗೆ ಒಂದು ಪರಿಚಯ

ಸಾಂಗ್ಲಿ: ಹಳೆಯ ಕಾರು ಕೊಂಡವರು ಗ್ಯಾರೇಜಿನಲ್ಲಿ ಮೊದಲು ಕೇಳುವ ಪ್ರಶ್ನೆ, 'ಇದರ ಪಿಕಪ್ ಹೆಚ್ಚಿಸಬಹುದೇ?' ಹೆಚ್ಚಿಸಬಹುದು. ಆದರೆ ಬಾನೆಟ್ ಕೆಳಗೆ ಏನು ನಡೆಯುತ್ತದೆ ಎಂದು ಮೊದಲೇ ತಿಳಿದುಕೊಂಡರೆ ದಂಡದ ಖರ್ಚು ಉಳಿಯುತ್ತದೆ.

ಈ ಭಾಗಕ್ಕೆ ಎಂಜಿನ್ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. 1910ರಲ್ಲಿ ಕುಂಡಲ್ ರೋಡ್ ಬಳಿ ಕಾರ್ಖಾನೆ ಕಟ್ಟಿದರು. ಅದೇ ಇಂದಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿ. ಆ ಮನೆತನದ ಹೆಸರಿನ ಡೀಸೆಲ್ ಎಂಜಿನ್‌ಗಳು ಗಡಿಯ ಎರಡೂ ಬದಿಯ ಬಾವಿಗಳಿಂದ ನೀರೆತ್ತಿವೆ. ಬಾವಿಯ ಎಂಜಿನ್ ಬಲ್ಲವರಿಗೆ ಕಾರು ತಿಳಿಯುವುದು ಕಷ್ಟವಲ್ಲ.

ಎಂಜಿನ್ ಕೆಲಸ

ಎರಡರಲ್ಲೂ ಪಿಸ್ಟನ್ ನಾಲ್ಕು ಹಂತಗಳಲ್ಲಿ ಓಡುತ್ತದೆ: ಗಾಳಿ ಎಳೆದುಕೊಳ್ಳುವುದು, ಒತ್ತುವುದು, ಉರಿದು ತಳ್ಳುವುದು, ಹೊಗೆ ಹೊರಹಾಕುವುದು. ಪೆಟ್ರೋಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚುತ್ತದೆ. ಡೀಸೆಲ್‌ನಲ್ಲಿ ಒತ್ತಿದ ಗಾಳಿಯ ಬಿಸಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಪಿಸ್ಟನ್‌ನ ಮೇಲೆ-ಕೆಳಗಿನ ಓಟವನ್ನು ಕ್ರ್ಯಾಂಕ್ ತಿರುಗುವಿಕೆಯಾಗಿ ಮಾಡುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಒಂದು ಸಿಲಿಂಡರ್‌ನಲ್ಲಿ ಒಮ್ಮೆ ಮಾತ್ರ ಇಂಧನ ಉರಿಯುತ್ತದೆ. ಒಂದೇ ಸಿಲಿಂಡರ್‌ನ ಬಾವಿ ಎಂಜಿನ್‌ಗೆ ಭಾರೀ ಫ್ಲೈವೀಲ್ ಇರುವುದು ಇದಕ್ಕೇ. ಮೂರು-ನಾಲ್ಕು ಸಿಲಿಂಡರ್ ಸರದಿಯಂತೆ ಉರಿಯುವ ಕಾರಿಗೆ ಚಿಕ್ಕದು ಸಾಕು.

ಗೇರ್ ಏಕೆ ಬೇಕು?

ಪಂಪು ಒಂದೇ ವೇಗದಲ್ಲಿ ತಿರುಗಿದರೆ ಸಾಕು, ಅದಕ್ಕೆ ಗೇರ್ ಬೇಡ. ಕಾರು ನಿಂತಲ್ಲಿಂದ ಹೊರಡಬೇಕು, ಏರು ಹತ್ತಬೇಕು, ಹೆದ್ದಾರಿಯಲ್ಲಿ ಓಡಬೇಕು. ಎಂಜಿನ್ ಮಾತ್ರ ತೀರ ನಿಧಾನವಾದರೆ ಬಂದ್ ಬೀಳುತ್ತದೆ. ಆದ್ದರಿಂದ ಕ್ಲಚ್ ಎಂಜಿನ್ನನ್ನೂ ಗೇರ್ ಬಾಕ್ಸನ್ನೂ ಬೇಕಾದಾಗ ಬೇರ್ಪಡಿಸುತ್ತದೆ, ಮೆಲ್ಲಗೆ ಜೋಡಿಸುತ್ತದೆ.

ಉದಾಹರಣೆಗೆ ಮೊದಲ ಗೇರ್ ಪ್ರಮಾಣ 3.5, ಕೊನೆಯ ಡಿಫರೆನ್ಷಿಯಲ್ ಪ್ರಮಾಣ 4 ಎನ್ನೋಣ. ಎಂಜಿನ್ 14 ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು ತಿರುಗುತ್ತದೆ. ವೇಗ 14 ಪಟ್ಟು ಕಡಿಮೆ, ಎಳೆಯುವ ಬಲ ಸುಮಾರು 14 ಪಟ್ಟು ಹೆಚ್ಚು. ಮೇಲಿನ ಗೇರ್‌ನಲ್ಲಿ ಇದು ತಿರುಗಾ ಮುರುಗಾ: ವೇಗ ಹೆಚ್ಚು, ಎಳೆತ ಕಡಿಮೆ.

ಖರ್ಚಿಗೆ ಮುನ್ನ

ಬಹಳ ಸಲ ಕಾರಿಗೆ ಬಲ ಸಾಲದೆ ಇರುವುದಿಲ್ಲ, ಇದ್ದ ಬಲ ಸವೆದಿರುತ್ತದೆ. ಇವನ್ನು ನೋಡಿ:

* ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು.
* ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಅಥವಾ ಇಂಧನ ಹೆಚ್ಚು. ಏರ್ ಫಿಲ್ಟರ್ ಮೊದಲು ನೋಡಿ.
* ಏರಿನಲ್ಲಿ ಎಂಜಿನ್ ಸದ್ದು ಏರಿ, ಕಾರಿನ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ.
* ಟೈಮಿಂಗ್ ಬೆಲ್ಟ್ ಇರುವ ಕಾರಿನಲ್ಲಿ ಅದನ್ನು ಅವಧಿಗೆ ಬದಲಿಸಿ. ಅದು ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ವಾಲ್ವ್ ಪಿಸ್ಟನ್‌ಗೆ ಬಡಿದು ದೊಡ್ಡ ಖರ್ಚು ಬರುತ್ತದೆ.

ಇಷ್ಟಾದ ಮೇಲೂ ಬಲ ಬೇಕೆನಿಸಿದರೆ ಒಂದು ಮಾತು ನೆನಪಿಡಿ. ಎಂಜಿನ್, ಕ್ಲಚ್, ಗೇರ್ ಬಾಕ್ಸ್, ಆಕ್ಸಲ್, ಟೈರ್ ಇವು ಒಂದೇ ಸರಪಳಿಯ ಕೊಂಡಿಗಳು. ಎಂಜಿನ್ ಕಂಪ್ಯೂಟರ್‌ನ ಲೆಕ್ಕ ಬದಲಿಸಿ ಬಲ ಏರಿಸಿದರೆ, ಮೊದಲು ಸೋಲುವುದು ಹಳೆಯ ಕ್ಲಚ್. ದೊಡ್ಡ ಟೈರ್ ಹಾಕಿದರೂ ಲೆಕ್ಕ ತಪ್ಪುತ್ತದೆ. ಟೈರ್ ಶೇ. 5 ದೊಡ್ಡದಾದರೆ ಎಳೆತ ಸುಮಾರು ಅಷ್ಟೇ ಕಡಿಮೆಯಾಗುತ್ತದೆ; ಮೀಟರ್ 60 ತೋರಿಸುವಾಗ ಕಾರು 63ರಲ್ಲಿ ಓಡುತ್ತಿರುತ್ತದೆ. ಬ್ರೇಕು, ಟೈರು ಗಟ್ಟಿಯಿಲ್ಲದೆ ವೇಗ ಹೆಚ್ಚಿಸುವುದು ಜೀವಕ್ಕೇ ಅಪಾಯ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನಂತೆ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಂತೆ, ನಿಯಮ ಮೀರಿದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂ. ದಂಡ, ಆರು ತಿಂಗಳವರೆಗಿನ ಜೈಲು ಅಥವಾ ಎರಡೂ ಆಗಬಹುದು. ಎಂಜಿನ್ ಬದಲಿ, ಸಿಎನ್‌ಜಿ ಕಿಟ್ ಮುಂತಾದವು ಅನುಮತಿ ಪಡೆದು ಆರ್‌ಸಿಯಲ್ಲಿ ದಾಖಲಾಗಬೇಕು. ಎಂಎಚ್-10 ಗಾಡಿಯಾದರೆ ಸಾಂಗ್ಲಿ, ಕೆಎ-23 ಆದರೆ ಚಿಕ್ಕೋಡಿ ಆರ್‌ಟಿಒದಲ್ಲಿ ಮೊದಲು ವಿಚಾರಿಸಿ. ಆರ್‌ಸಿಯಲ್ಲಿ ಇಲ್ಲದ ಬದಲಾವಣೆ ಅಪಘಾತದ ನಂತರ ವಿಮೆ ಹಣಕ್ಕೂ ತೊಡಕಾದೀತು.

ಒಟ್ಟಿನಲ್ಲಿ ಮೊದಲು ದುರಸ್ತಿ, ಆಮೇಲೆ ಬ್ರೇಕು-ಟೈರು, ಅದಾದ ಮೇಲೆ ಕ್ಲಚ್, ಕೊನೆಗೆ ಎಂಜಿನ್. ಈ ಕ್ರಮ ಪಾಲಿಸಿದವರಲ್ಲಿ ಅನೇಕರಿಗೆ ಕೊನೆಯ ಹಂತದ ಅಗತ್ಯವೇ ಬೀಳುವುದಿಲ್ಲ.