ಹೆದರಿದ ನಾಯಿಗೆ ಯಾವ ಮನೆ? ವರ್ಜೀನಿಯಾದ 49 ನಾಯಿಗಳ ಕಥೆ

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಡ್ತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲ್ವೆ ನಿಲ್ದಾಣದಂಥ ಜಾಗಗಳಲ್ಲಿರೋ ಬೀದಿ ನಾಯಿಗಳನ್ನು ಹಿಡಿದು, ಸಂತಾನಹರಣ ಮಾಡಿಸಿ, ಲಸಿಕೆ ಹಾಕಿಸಿ, ಆಶ್ರಯ ಕೇಂದ್ರದಲ್ಲಿ ಇಡಬೇಕು, ಹಿಡಿದ ಜಾಗಕ್ಕೇ ವಾಪಸ್ ಬಿಡಬಾರದು ಅಂತ. ಆದೇಶ ಸರಿಯೋ ತಪ್ಪೋ ಅನ್ನೋ ಜಗಳ ಇಲ್ಲಿ ಬೇಡ. ನಮಗೆ ಬೇಕಾದ ವಿಷಯ ಬೇರೆ ಇದೆ. ಕೇಂದ್ರಗಳಲ್ಲಿ ನಾಯಿ ತುಂಬಿದ ಹಾಗೆ, "ತೋಟಕ್ಕೊಂದು ನಾಯಿ ತಗೊಂಡು ಹೋಗ್ರಿ" ಅನ್ನೋ ಮಾತು ಮೊದಲು ಬರೋದು ನಮ್ಮಂಥವರ ಕಡೆಗೇ.

ಹಾಗೆ ಹೋದಾಗ ಬೊಗಳೋ ನಾಯಿ ಎಲ್ಲರ ಕಣ್ಣಿಗೂ ಬೀಳುತ್ತೆ. ಮೂಲೆಯಲ್ಲಿ ಮುಖ ಗೋಡೆಗೆ ಹಾಕಿ, ಬಾಲ ಹೊಟ್ಟೆಯಡಿಗೆ ಸಿಗಿಸಿಕೊಂಡು ಮುದುರಿ ಕೂತಿರೋದನ್ನು ಯಾರೂ ಕೇಳಲ್ಲ. ಕೇಳಿದ್ರೂ ಎರಡೇ ಮಾತು. ಒಂದು, "ಇದು ಕೆಲಸಕ್ಕೆ ಬರಲ್ಲ". ಇನ್ನೊಂದು, "ತೋಟಕ್ಕೆ ಬಿಟ್ರೆ ತಾನೇ ಸರಿ ಹೋಗುತ್ತೆ". ಎರಡೂ ಯಾಕೆ ತಪ್ಪು ಅಂತ ತಿಳಿಯೋಕೆ ಸ್ವಲ್ಪ ಚರಿತ್ರೆ ನೋಡಬೇಕು.

ಮೊದಲು ಯಾರೂ ಕೇಳದ ಪ್ರಶ್ನೆ

1860ರಲ್ಲಿ ಲಂಡನ್ನಿನ ಹಾಲೊವೇಯಲ್ಲಿ ಮೇರಿ ಟೀಲ್ಬಿ ಅನ್ನೋ ಹೆಣ್ಣುಮಗಳು ಕಳೆದುಹೋದ, ಹಸಿದ ನಾಯಿಗಳಿಗೆ ಒಂದು ಆಶ್ರಯ ಶುರು ಮಾಡಿದಳು. 1871ರಲ್ಲಿ ಅದು ಬ್ಯಾಟರ್ಸಿಗೆ ಹೋಯ್ತು, ಇವತ್ತಿಗೂ ನಡೀತಿದೆ. ಅದೇ ಕಾಲದಲ್ಲಿ ನ್ಯೂಯಾರ್ಕಿನಲ್ಲಿ ಹಿಡಿದ ಬೀದಿ ನಾಯಿಗಳನ್ನು ಕಬ್ಬಿಣದ ಪಂಜರಕ್ಕೆ ತುಂಬಿ ಈಸ್ಟ್ ನದಿಯಲ್ಲಿ ಮುಳುಗಿಸ್ತಿದ್ದರು. ಒಂದು ಕಡೆ ಕರುಣೆ, ಇನ್ನೊಂದು ಕಡೆ ಪಂಜರ. ಆದರೆ "ಈ ನಾಯಿ ಯಾಕೆ ಹೆದರಿದೆ, ಇದಕ್ಕೆ ಎಂಥ ಜಾಗ ಹೊಂದುತ್ತೆ" ಅನ್ನೋ ಪ್ರಶ್ನೆ ಆಗಿನ್ನೂ ಹುಟ್ಟಿರಲಿಲ್ಲ.

ಆ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ಬಂದಿದ್ದು ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನ ಒಂದು ಪ್ರಯೋಗಾಲಯದಿಂದ. ಫ್ರೀಡ್‌ಮನ್, ಕಿಂಗ್, ಎಲಿಯಟ್ ಅನ್ನೋ ಮೂವರು 1961ರಲ್ಲಿ ಅದನ್ನು ಪ್ರಕಟಿಸಿದರು. ಎತ್ತರದ ಬೇಲಿ ಹಾಕಿದ ಬಯಲಿನಲ್ಲಿ ಮನುಷ್ಯರ ಒಡನಾಟ ಇಲ್ಲದ ಹಾಗೆ ಮರಿಗಳನ್ನು ಬೆಳೆಸಿದರು. ಕೆಲವನ್ನು 2ನೇ ವಾರ, ಕೆಲವನ್ನು 3, 5, 7, 9ನೇ ವಾರದಲ್ಲಿ ಒಂದೊಂದು ವಾರ ಮಾತ್ರ ಒಳಗೆ ತಂದು ಜನರ ಜೊತೆ ಬಿಟ್ಟರು. ಕೆಲವನ್ನು 14 ವಾರದವರೆಗೂ ತರಲೇ ಇಲ್ಲ. ಹಾಗೆ ಉಳಿದವು ಮನುಷ್ಯರನ್ನು ಕಂಡ್ರೆ ಕಾಡುಪ್ರಾಣಿ ಥರ ಆಗಿಬಿಟ್ಟವು. ಯಾರೂ ಅವಕ್ಕೆ ಹೊಡೆದಿರಲಿಲ್ಲ, ಬೈದಿರಲಿಲ್ಲ. ಸರಿಯಾದ ವಾರಗಳಲ್ಲಿ ಮನುಷ್ಯರ ಕೈ ತಾಗಿರಲಿಲ್ಲ, ಅಷ್ಟೇ.

ನಾವು "ಹುಟ್ಟುಗುಣ ಸುಟ್ಟರೂ ಹೋಗದು" ಅಂತೀವಿ. ಅದರಲ್ಲೂ ಅರ್ಧ ಸತ್ಯ ಇದೆ. ಅರ್ಕಾನ್ಸಾಸ್‌ನಲ್ಲಿ ಪಾಯಿಂಟರ್ ಜಾತಿಯ ನಾಯಿಗಳಲ್ಲಿ ಹುಟ್ಟಾ ಪುಕ್ಕಲು ತಳಿಯನ್ನೇ ಬೆಳೆಸಿ ತೋರಿಸಿದ್ದಾರೆ. ಅಂದ್ರೆ ಭಯ ರಕ್ತದಿಂದಲೂ ಬರಬಹುದು, ಮರಿಯಾಗಿದ್ದಾಗ ಮನುಷ್ಯರನ್ನು ಕಾಣದೇ ಇದ್ದುದರಿಂದಲೂ ಬರಬಹುದು, ಏಟಿನಿಂದಲೂ ಬರಬಹುದು. ಮುದುರಿ ಕೂತ ನಾಯಿನ ನೋಡಿ "ಯಾರೋ ಹೊಡೆದಿರಬೇಕು" ಅನ್ನೋಕಾಗಲ್ಲ. "ಜಾತಿನೇ ಇಷ್ಟು" ಅಂತಾನೂ ಅನ್ನೋಕಾಗಲ್ಲ.

ವರ್ಜೀನಿಯಾ, 2007

2007ರ ಏಪ್ರಿಲ್‌ನಲ್ಲಿ ವರ್ಜೀನಿಯಾದ ಸರ್ರಿ ಕೌಂಟಿಯಲ್ಲಿ ಮೈಕೆಲ್ ವಿಕ್ ಅನ್ನೋ ಫುಟ್‌ಬಾಲ್ ತಾರೆಯ ಜಮೀನಿಗೆ ಪೊಲೀಸರು ನುಗ್ಗಿದರು. ಹೋಗಿದ್ದು ಮಾದಕ ವಸ್ತು ಹುಡುಕೋಕೆ. ಸಿಕ್ಕಿದ್ದು ನಾಯಿ ಕಾಳಗದ ಅಡ್ಡೆ. ಪಿಟ್‌ಬುಲ್ ಜಾತಿಯ ನಾಯಿಗಳನ್ನು ಭಾರದ ಸರಪಳಿ ಹಾಕಿ, ನೆಲದಲ್ಲಿ ಹೂತ ಕಾರಿನ ಆಕ್ಸೆಲ್‌ಗೆ ಕಟ್ಟಿದ್ದರು. ಸರಿಯಾಗಿ ಕಾದಾಡದ ನಾಯಿಗಳನ್ನು ನೇಣು ಹಾಕಿ, ನೀರಲ್ಲಿ ಮುಳುಗಿಸಿ ಕೊಂದಿದ್ದೂ ಕೋರ್ಟಿನಲ್ಲಿ ಹೊರಬಂತು. ವಿಕ್‌ಗೆ 23 ತಿಂಗಳ ಜೈಲಾಯ್ತು.

ಅಲ್ಲಿಯವರೆಗೆ ಇಂಥ ಕೇಸಿನಲ್ಲಿ ಸಿಕ್ಕ ನಾಯಿಗಳ ಗತಿ ಒಂದೇ: ಸಾಕ್ಷಿ ಅಂತ ಇಟ್ಟುಕೊಳ್ಳೋದು, ಕೇಸು ಮುಗಿದ ಮೇಲೆ ಸೂಜಿ. ಪ್ರಾಣಿದಯೆಯ ದೊಡ್ಡ ದೊಡ್ಡ ಸಂಘಗಳೇ "ಇವನ್ನು ಉಳಿಸೋದು ಅಪಾಯ, ಶಾಂತವಾಗಿ ಕೊನೆಗಾಣಿಸಿ" ಅಂತ ಹೇಳಿದ್ದವು. ಆದರೆ ಈ ಸಲ ಒಂದೊಂದೇ ನಾಯಿನ ಬೇರೆ ಬೇರೆಯಾಗಿ ಪರೀಕ್ಷೆ ಮಾಡೋಣ ಅಂತ ತೀರ್ಮಾನ ಆಯ್ತು. ಸೆಪ್ಟೆಂಬರ್‌ನಲ್ಲಿ ಎಎಸ್‌ಪಿಸಿಎ ಸಂಸ್ಥೆಯ ತಜ್ಞರ ತಂಡ 49 ನಾಯಿಗಳನ್ನು ನೋಡ್ತು.

ರಾಕ್ಷಸರು ಇರ್ತಾರೆ ಅಂದ್ಕೊಂಡು ಹೋದವರಿಗೆ ಕಂಡಿದ್ದು ಬೇರೆ. ಎಷ್ಟೋ ನಾಯಿಗಳು ಮನುಷ್ಯ ಹತ್ತಿರ ಬಂದ ಕೂಡಲೇ ನೆಲಕ್ಕೆ ಅಂಟಿಕೊಂಡು ಮಲಗಿಬಿಡ್ತಿದ್ದವು. ನಡೆಯಲ್ಲ, ಕಣ್ಣೆತ್ತಲ್ಲ, ಕಚ್ಚೋದಂತೂ ದೂರ. ಹಂಚಿನ ಮೇಲೆ ಹುಯ್ದ ದೋಸೆ ಥರ. ಅವರೂ ಅವಕ್ಕೆ ಪ್ಯಾನ್‌ಕೇಕ್ ನಾಯಿಗಳು ಅಂತಲೇ ಹೆಸರಿಟ್ಟರು. ಆಕ್ರಮಣ ಸ್ವಭಾವಕ್ಕಾಗಿ ಕೊಲ್ಲಬೇಕು ಅಂತ ಬರೆದಿದ್ದು 49ರಲ್ಲಿ ಒಂದನ್ನು ಮಾತ್ರ. ಇನ್ನೊಂದನ್ನು ಕಾಯಿಲೆ ಕಾರಣಕ್ಕೆ ಕೊನೆಗಾಣಿಸಿದರು. ಉಳಿದಿದ್ದು 47.

ಇಲ್ಲಿಂದ ಮುಂದೆ ನಡೆದಿದ್ದೇ ನಮಗೆ ಮುಖ್ಯ. ಕೋರ್ಟು ರೆಬೆಕಾ ಹಸ್ ಅನ್ನೋ ಕಾನೂನು ಪ್ರಾಧ್ಯಾಪಕಿಗೆ ಈ ನಾಯಿಗಳ ಜವಾಬ್ದಾರಿ ಕೊಡ್ತು. ಎಲ್ಲವನ್ನೂ ಒಂದೇ ಕಡೆ ಸಾಗಹಾಕಲಿಲ್ಲ. ಯಾವುದು ಈಗಲೇ ಮನೆಯೊಂದರಲ್ಲಿ ಇದ್ದು ನೋಡಬಹುದು, ಯಾವುದಕ್ಕೆ ಪೊಲೀಸ್ ಕೆಲಸ ಕಲಿಸಬಹುದು, ಯಾವುದು ಆಶ್ರಮದಲ್ಲಿ ಕೆಲಕಾಲ ಸುಧಾರಿಸಿಕೊಳ್ಳಬೇಕು, ಯಾವುದು ಬದುಕಿಡೀ ಅಲ್ಲೇ ಇರಬೇಕು ಅಂತ ವಿಂಗಡಿಸಿದರು. 47 ನಾಯಿಗಳು ಎಂಟು ಸಂಸ್ಥೆಗಳಿಗೆ ಹಂಚಿಹೋದವು. ತುಂಬಾ ಕಷ್ಟದ 22 ನಾಯಿಗಳು ಯೂಟಾ ರಾಜ್ಯದ ಕನಾಬ್‌ನಲ್ಲಿರೋ ಬೆಸ್ಟ್ ಫ್ರೆಂಡ್ಸ್ ಆಶ್ರಮಕ್ಕೆ ಹೋದವು. ಇವುಗಳ ಪಾಲನೆಗೆ ಅಂತ ವಿಕ್ ಸುಮಾರು 9.28 ಲಕ್ಷ ಡಾಲರ್ ಕಟ್ಟಬೇಕಾಯ್ತು.

ಆ 22ರಲ್ಲಿ ಲೂಕಸ್, ಮೆರಿಲ್ ಅನ್ನೋ ಎರಡು ನಾಯಿ ಆಶ್ರಮ ಬಿಟ್ಟು ಎಂದೂ ಹೊರಗೆ ಹೋಗಬಾರದು ಅಂತ ಕೋರ್ಟೇ ಹೇಳಿತ್ತು. ಅವು ಅಲ್ಲೇ ಬದುಕಿ ಅಲ್ಲೇ ಸತ್ತವು. ಅದೂ ಸರಿಯಾದ ಜಾಗವೇ. ಲಿಟಲ್ ರೆಡ್ ಅನ್ನೋ ಪುಕ್ಕಲು ಹೆಣ್ಣು ನಾಯಿಗೆ ಮನೆ ಸಿಕ್ಕಿದ್ದು ವರ್ಷಗಳು ಕಳೆದ ಮೇಲೆ. ಬೇರೆ ಸಂಸ್ಥೆಗೆ ಹೋಗಿದ್ದ ಜಾನಿ ಜಸ್ಟಿಸ್, ಓದಲು ತಡವರಿಸೋ ಮಕ್ಕಳ ಪಕ್ಕ ಕೂತು ಅವರು ಓದೋದನ್ನು ಕೇಳೋ ನಾಯಿ ಆದ. ಆ 47ರಲ್ಲಿ ಕೊನೆಗೆ ಉಳಿದಿದ್ದ ಫ್ರೋಡೊ 2021ರ ಡಿಸೆಂಬರ್‌ನಲ್ಲಿ ಮುದಿಯಾಗಿ, ಮನೆಯವರ ನಡುವೆ ಸತ್ತ. ಹದಿನಾಲ್ಕು ವರ್ಷದ ಹಿಂದೆ ಸೂಜಿಗೆ ಅಂತ ಲೆಕ್ಕ ಹಾಕಿದ್ದ ನಾಯಿ ಅದು.

ಪಳಗಿದ ಎತ್ತಿನ ಜೋಡಿ

ಆ ಎಎಸ್‌ಪಿಸಿಎ ಸಂಸ್ಥೆಯೇ 2013ರಲ್ಲಿ ನ್ಯೂಜೆರ್ಸಿಯಲ್ಲಿ ವಿಪರೀತ ಹೆದರಿದ ನಾಯಿಗಳಿಗೆ ಅಂತಲೇ ಒಂದು ಕೇಂದ್ರ ಪ್ರಯೋಗಕ್ಕೆ ತೆರೀತು. 2018ರಲ್ಲಿ ಅದು ನಾರ್ತ್ ಕರೋಲಿನಾದ ವೀವರ್‌ವಿಲ್‌ನಲ್ಲಿ ಕಾಯಂ ಆಯ್ತು. 2022ರಲ್ಲಿ ಅವರು ಲೆಕ್ಕ ಕೊಟ್ಟರು: ಬಂದ 441 ನಾಯಿಗಳಲ್ಲಿ 86% ತರಬೇತಿ ಮುಗಿಸಿದವು, ಮುಗಿಸಿದವುಗಳಲ್ಲಿ 99%ಗೆ ಮನೆ ಸಿಕ್ತು. ಅಲ್ಲಿ ಮಾಡೋದರಲ್ಲಿ ಮಂತ್ರ ಏನೂ ಇಲ್ಲ. ಹೆದರಿಸೋ ವಸ್ತುವನ್ನು ದೂರದಿಂದ ತೋರಿಸಿ ರುಚಿಯಾದ ತಿಂಡಿ ಕೊಡೋದು, ನಾಯಿ ಒಪ್ಪಿದಷ್ಟೇ ಹತ್ತಿರ ತರೋದು, ಜೊತೆಗೆ ಧೈರ್ಯದ ಇನ್ನೊಂದು ನಾಯಿನ ಬಿಡೋದು.

ಈ ಕೊನೆಯದು ನಮಗೆ ಹೊಸದಲ್ಲ. ಹೊಸ ಹೋರಿನ ಪಳಗಿದ ಎತ್ತಿನ ಜೊತೆ ನೊಗಕ್ಕೆ ಕಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ತೋಟಕ್ಕೆ ಏನು?

ಹೆದರಿದ ನಾಯಿ ಕಾವಲಿಗೆ ಆಗಲ್ಲ. ಕಳ್ಳ ಬಂದ್ರೆ ಓಡುತ್ತೆ, ಇಲ್ಲಾ ಮೂಲೆಗೆ ಒತ್ತಿದವರನ್ನು, ಮಕ್ಕಳನ್ನೂ ಸೇರಿಸಿ, ಕಚ್ಚುತ್ತೆ. ಕಾವಲು ಬೇಕಾದವರು ಬೇರೆ ನಾಯಿ ನೋಡಲಿ. ಪಂಪ್‌ಸೆಟ್ಟು, ಟ್ರ್ಯಾಕ್ಟರ್ರು, ದಿನಾ ಹೊಸ ಕೂಲಿಯವರು, ರಾತ್ರಿ ಹಂದಿ ಓಡಿಸೋ ಪಟಾಕಿ ಇರೋ ತೋಟ ಇಂಥ ನಾಯಿಗೆ ನರಕ. ಅದೇ ರಸ್ತೆಯಿಂದ ಒಳಗಿರೋ, ಮೂರು ನಾಲ್ಕೇ ಜನರಿರೋ, ಆಗಲೇ ಒಂದು ಸಮಾಧಾನದ ನಾಯಿ ಇರೋ ಮನೆ ಇದ್ರೆ ಅದಕ್ಕಿಂತ ಒಳ್ಳೇ ಜಾಗ ಪೇಟೆಯಲ್ಲಿ ಸಿಗಲ್ಲ.

ತಂದವರು ಮೊದಲ ಕೆಲವು ವಾರ ಮುಚ್ಚಿದ ಜಾಗದಲ್ಲೇ ಇಡಿ. "ತೋಟಕ್ಕೆ ಬಿಟ್ರೆ ಸರಿ ಹೋಗುತ್ತೆ" ಅಂತ ಬಿಟ್ಟ ನಾಯಿ ಮೊದಲು ಮಾಡೋ ಕೆಲಸ ಬೇಲಿ ದಾಟಿ ಓಡೋದು, ಆಮೇಲೆ ಕರೆದ್ರೆ ಯಾರ ಕೈಗೂ ಬರಲ್ಲ. ಮುಟ್ಟೋ ಆತುರ ಬೇಡ. ಊಟ ಇಟ್ಟು ಪಕ್ಕಕ್ಕೆ ತಿರುಗಿ ಕೂತ್ಕೊಳ್ಳಿ, ಅದೇ ಬರಲಿ. ತಿಂಗಳುಗಟ್ಟಲೆ ಆಗಬಹುದು. ಕೊನೆಗೂ ನಿಮ್ಮೊಬ್ಬರ ಹತ್ತಿರ ಮಾತ್ರ ಬಂದು, ಬೇರೆ ಯಾರನ್ನು ಕಂಡ್ರೂ ಮಂಚದಡಿ ಸೇರೋ ನಾಯಿಯಾಗೇ ಉಳೀಬಹುದು. ಅದಕ್ಕೂ ಒಪ್ಪಿಗೆ ಇದ್ರೆ ಮಾತ್ರ ತನ್ನಿ.

ಅಡಿಕೆ ಸಸಿ ತಂದಾಗ ನೆರಳು ಎಲ್ಲಿ, ನೀರು ನಿಲ್ಲುತ್ತಾ ಅಂತ ನೋಡಿ ಗುಂಡಿ ತೆಗೀತೀವಿ. ಆಶ್ರಯ ಕೇಂದ್ರದ ಬಾಗಿಲಲ್ಲೂ ಅದೇ ಲೆಕ್ಕ. "ಈ ನಾಯಿ ನನಗೆ ಆಗುತ್ತಾ" ಅಂತ ಕೇಳೋ ಮುಂಚೆ "ನನ್ನ ಜಾಗ ಈ ನಾಯಿಗೆ ಆಗುತ್ತಾ" ಅಂತ ಕೇಳಿ. ಆಗಲ್ಲ ಅನ್ನಿಸಿದ್ರೆ ಹೊಂದೋ ಮನೆ ಯಾವುದು ಅಂತ ಅಕ್ಕಪಕ್ಕದವರಲ್ಲಿ ವಿಚಾರಿಸಿ ಹೇಳಿ. ಅದೂ ಉಪಕಾರವೇ.