ಕುಡಿತ ಬಿಡಿಸುವವರು ಏನನ್ನು ನಂಬುತ್ತಾರೆ?

ಭದ್ರಾವತಿಯ ನ್ಯೂಟೌನ್ ಕಬ್ಬಿಣದ ಕಾರ್ಖಾನೆಯನ್ನು ನೆಚ್ಚಿಕೊಂಡು ಬೆಳೆದ ಊರು. ಇಂಥ ಊರಿರಲಿ, ಹಳ್ಳಿಯಿರಲಿ, ಗಂಡ ಕುಡಿತಕ್ಕೆ ಬಿದ್ದ ಮನೆಯ ಹೆಂಗಸಿಗೆ ಸಲಹೆಗಳಿಗೇನೂ ಬರವಿಲ್ಲ. ದೇವರ ಮುಂದೆ ಆಣೆ ಮಾಡಿಸು ಎನ್ನುವವರು ಒಬ್ಬರು, ಶಿಬಿರಕ್ಕೆ ಸೇರಿಸು ಎನ್ನುವವರು ಇನ್ನೊಬ್ಬರು, ಗೊತ್ತಾಗದಂತೆ ಸಾರಿಗೆ ಪುಡಿ ಬೆರೆಸು ಎನ್ನುವವರು ಮತ್ತೊಬ್ಬರು. ಚಿಕಿತ್ಸೆ ನೀಡುವವರಲ್ಲೂ ಹೀಗೆಯೇ ಒಬ್ಬೊಬ್ಬರಿಗೆ ಒಂದೊಂದು ಮಾರ್ಗದಲ್ಲಿ ಅಚಲ ನಂಬಿಕೆ. ಈ ನಂಬಿಕೆಗಳಿಗೂ ಒಂದು ಚರಿತ್ರೆಯಿದೆ.

ಔಷಧದ ಕತೆ ಶುರುವಾದದ್ದು ಕಾರ್ಖಾನೆಯಲ್ಲಿ. ರಬ್ಬರ್ ತಯಾರಿಕೆಗೆ ಬಳಸುವ ಕೆಲವು ರಾಸಾಯನಿಕಗಳ ನಡುವೆ ದುಡಿಯುವ ಕಾರ್ಮಿಕರಿಗೆ ಮದ್ಯ ಸೇರದು ಎಂಬುದನ್ನು 1937ರಲ್ಲಿ ಅಮೆರಿಕದ ವೈದ್ಯರೊಬ್ಬರು ಬರೆದಿಟ್ಟರು. ಅದೇ ಜಾತಿಯ ಡೈಸಲ್ಫಿರಾಂ ಕುಡಿತದ ಚಿಕಿತ್ಸೆಗೆ ಒದಗುತ್ತದೆಂದು 1948ರಲ್ಲಿ ಕೋಪನ್‌ಹೇಗನ್ನಿನ ಹಾಲ್ಡ್ ಮತ್ತು ಯಾಕೊಬ್ಸೆನ್ ಪ್ರಕಟಿಸಿದರು. ಇದನ್ನು ನುಂಗಿದವನು ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ. ರೋಗಿ ಒಪ್ಪಿ, ಮನೆಯವರ ಕಣ್ಣೆದುರಿಗೆ ನುಂಗಿದರೆ ಇದು ಉಪಕಾರಿ. ಕದ್ದು ಊಟದಲ್ಲಿ ಬೆರೆಸಿದರೆ, ಏನೂ ಅರಿಯದೆ ಕುಡಿದವನ ಪ್ರಾಣಕ್ಕೇ ಸಂಚಕಾರ ಬರಬಹುದು.

ಇನ್ನೊಂದು ಧಾರೆ ಹರಿದದ್ದು ಕುಡಿತ ಬಿಟ್ಟವರಿಂದಲೇ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ 1957ರಲ್ಲಿ ಭಾರತಕ್ಕೆ ಬಂತು. 1949ರಲ್ಲಿ ಮಿನ್ನೆಸೋಟಾದಲ್ಲಿ ಆರಂಭವಾದ ಹೇಜಲ್ಡನ್ ಕೇಂದ್ರದ ಪ್ರಭಾವದಿಂದ, ಚಟದಿಂದ ಹೊರಬಂದವರು ಸಂಬಳ ಪಡೆಯುವ ಸಲಹೆಗಾರರಾಗುವ ಪದ್ಧತಿ ಬೆಳೆಯಿತು. ವೈದ್ಯರು ಕೈಚೆಲ್ಲಿದ್ದ ರೋಗಿಗಳನ್ನು ಅವರು ಕೈಹಿಡಿದು ನಡೆಸಿದರು. ಇವರಲ್ಲಿ ಅನೇಕರಿಗೆ ಔಷಧ ಎಂದರೆ ಅನುಮಾನ. ಒಂದು ಚಟ ಬಿಡಿಸಲು ಇನ್ನೊಂದನ್ನು ಅಂಟಿಸಿದಂತೆ ಎಂಬ ಭಾವನೆ.

ಕರ್ನಾಟಕದಲ್ಲಿ ಎರಡೂ ಧಾರೆಗಳಿವೆ. 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವೈದ್ಯಕೀಯ ಚಿಕಿತ್ಸೆ ಬೆಳೆಯಿತು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದ ಜನಜಾಗೃತಿ ವೇದಿಕೆ 1990ರ ದಶಕದಿಂದ ಊರೂರಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿದೆ. ಭಜನೆ, ಯೋಗ, ಗುಂಪು ಸಮಾಲೋಚನೆ, ಶಿಬಿರ ಮುಗಿದ ಮೇಲೆ ನವಜೀವನ ಸಮಿತಿಯ ಒಡನಾಟ ಇದರ ಬಗೆ.

ಯಾವುದು ಮೇಲು ಎಂದು ಅಳೆದು ನೋಡುವ ಕೆಲಸ ಬಂದದ್ದು ತಡವಾಗಿ. 1997ರಲ್ಲಿ ಪ್ರಕಟವಾದ ಅಮೆರಿಕದ ಪ್ರಾಜೆಕ್ಟ್ ಮ್ಯಾಚ್ ಅಧ್ಯಯನ 1,726 ಮಂದಿಯ ಮೇಲೆ ಮೂರು ಬಗೆಯ ಸಮಾಲೋಚನೆಗಳನ್ನು ಹೋಲಿಸಿತು. ಕುಡಿತ ಬಿಟ್ಟವರ ಹನ್ನೆರಡು ಹೆಜ್ಜೆಗಳ ಮಾರ್ಗಕ್ಕೆ ಒಗ್ಗಿಸುವ ಚಿಕಿತ್ಸೆ ಮನೋವಿಜ್ಞಾನಿಗಳ ವಿಧಾನಗಳಿಗೆ ಸರಿಸಮನಾಗಿಯೇ ನಿಂತಿತು. ಇತ್ತ, ಕುಡಿಯುವ ಹಂಬಲ ತಗ್ಗಿಸುವ ನಾಲ್ಟ್ರೆಕ್ಸೋನ್ ಮಾತ್ರೆಗೆ 1994ರಲ್ಲೇ ಅಮೆರಿಕದಲ್ಲಿ ಮಾನ್ಯತೆ ಸಿಕ್ಕಿದ್ದರೂ ಅದರ ಬಳಕೆ ವಿರಳವಾಗಿಯೇ ಉಳಿಯಿತು. ಸಂಶೋಧನೆಗೂ ಚಿಕಿತ್ಸಾ ಕೇಂದ್ರಗಳಿಗೂ ನಡುವೆ ಇರುವ ಕಂದಕದ ಬಗ್ಗೆಯೇ 1998ರಲ್ಲಿ ಆ ದೇಶದ ವೈದ್ಯಕೀಯ ಸಂಸ್ಥೆ ವರದಿ ಕೊಡಬೇಕಾಯಿತು.

ಈ ಕಂದಕವನ್ನು ಕೇವಲ ಹಟಮಾರಿತನ ಎನ್ನುವಂತಿಲ್ಲ. ಕಡಿಮೆ ಸಂಬಳ, ಕೈತುಂಬ ರೋಗಿಗಳು, ತರಬೇತಿಗೆ ಬಿಡುವಿಲ್ಲದ ದಿನಚರಿ ಒಂದು ಕಡೆ. ಅನುಭವ ಹೇಳಿಕೊಡುವ ಪಾಠ ಇನ್ನೊಂದು ಕಡೆ. ಕುಡಿತ ಬಿಟ್ಟವನು ಸಿಹಿ ಹಂಚಲು ಕೇಂದ್ರಕ್ಕೆ ಮರಳುತ್ತಾನೆ. ಮತ್ತೆ ಜಾರಿದವನು ನಾಚಿಕೆಯಿಂದ ಅತ್ತ ಸುಳಿಯುವುದಿಲ್ಲ. ಹಾಗಾಗಿ ಸಲಹೆಗಾರನ ಕಣ್ಣಿಗೆ ಗೆದ್ದವರೇ ಹೆಚ್ಚು ಕಾಣುತ್ತಾರೆ. ಬಾರದೆ ಹೋದವರನ್ನೂ ಲೆಕ್ಕಕ್ಕೆ ಹಿಡಿಯುವುದೇ ಅಧ್ಯಯನಗಳ ಉಪಯೋಗ.

ಅನುಭವ, ಪುರಾವೆ ಎರಡೂ ಜೊತೆಯಾಗಬಲ್ಲವು ಎಂಬುದಕ್ಕೆ ನಿದರ್ಶನ ನೆರೆಯ ಗೋವಾದಲ್ಲಿದೆ. ವೈದ್ಯಕೀಯ ಪದವಿಯಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅಪಾಯಕರ ಮಟ್ಟದಲ್ಲಿ ಕುಡಿಯುತ್ತಿದ್ದ ಗಂಡಸರಿಗೆ ಅವರಿಂದ ಕೆಲವೇ ಸಲದ ಸಮಾಲೋಚನೆ ಕೊಡಿಸಲಾಯಿತು. ಮೂರು ತಿಂಗಳ ಬಳಿಕ ಅಂಥವರಲ್ಲಿ ಶೇ. 36 ಮಂದಿ ಅಪಾಯದ ಮಟ್ಟದಿಂದ ಕೆಳಗಿಳಿದಿದ್ದರು; ಬರೀ ಮಾಮೂಲಿ ಆರೈಕೆ ಪಡೆದವರಲ್ಲಿ ಆ ಪ್ರಮಾಣ ಶೇ. 26. ಲ್ಯಾನ್ಸೆಟ್ ಪತ್ರಿಕೆಯಲ್ಲಿ 2017ರಲ್ಲಿ ಅಚ್ಚಾದ ಈ ಫಲಿತಾಂಶ ಪವಾಡವೇನಲ್ಲ. ಆದರೆ ಪುರಾವೆಯುಳ್ಳ ಚಿಕಿತ್ಸೆಯನ್ನು ಸಾಮಾನ್ಯ ಜನರೂ ಕಲಿತು ನೀಡಬಹುದೆಂದು ಅದು ತೋರಿಸಿತು.

ಬಹುಕಾಲ ವಿಪರೀತ ಕುಡಿದವನು ಹಠಾತ್ತಾಗಿ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ಫಿಟ್ಸ್, ಮತಿಭ್ರಮಣೆ ಕಾಣಿಸಿಕೊಳ್ಳಬಹುದು, ಸಾವೂ ಸಂಭವಿಸಬಹುದು. ಆಗ ಬೇಕಾದದ್ದು ವೈದ್ಯರು ಮತ್ತು ಔಷಧ. ಆ ಗಂಡಾಂತರ ದಾಟಿದ ಮೇಲಿನ ತಿಂಗಳುಗಳಲ್ಲಿ ಬೇಕಾದದ್ದು ಜೊತೆಗಾರರು. ಚಿಕಿತ್ಸಾ ಕೇಂದ್ರಕ್ಕೆ ಹೋದ ಮನೆಯವರು ಇಲ್ಲಿ ಎಷ್ಟು ಜನ ಬಿಟ್ಟಿದ್ದಾರೆ ಎಂದು ಕೇಳುವುದು ರೂಢಿ. ಮೊದಲ ಮೂರು ದಿನ ನೋಡಿಕೊಳ್ಳುವವರು ಯಾರು, ಮತ್ತೆ ಕುಡಿದರೆ ಬಾಗಿಲು ತೆರೆದಿರುತ್ತದೆಯೇ ಎಂದೂ ಕೇಳಬೇಕು.