‘ಮೈಸೂರು’ ಸಮರನೌಕೆಯೂ ಕಲ್ನಾರಿನ ಧೂಳೂ

ಭೀಮಾನದಿಯ ದಂಡೆಯ ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿಯೂ ಅಮರ್ಜಾ ಹೊಳೆಯ ಆಳಂದದ ಸೀಮೆಯಲ್ಲಿಯೂ ಹುಟ್ಟಿ ಬೆಳೆದವರು ಹರಗೋಲನ್ನು ಬಲ್ಲರು, ಹಡಗನ್ನು ಅರಿಯರು. ಸಮುದ್ರವು ಈ ನಾಡಿಗೆ ಬಹುದೂರ. ಹೀಗಿದ್ದರೂ ಈ ಮೂರು ತಾಲ್ಲೂಕುಗಳನ್ನೂ ಒಂದು ಸಮರನೌಕೆಯ ಹೆಸರನ್ನೂ ಇತಿಹಾಸವು ವಿಚಿತ್ರವಾದೊಂದು ರೀತಿಯಲ್ಲಿ ಹೆಣೆದಿದೆ. 1954ರಲ್ಲಿ ಭಾರತ ಸರ್ಕಾರವು ಬ್ರಿಟಿಷರಿಂದ ‘ನೈಜೀರಿಯಾ’ ಎಂಬ ಕ್ರೂಸರನ್ನು ಕೊಂಡಾಗ ಈ ನೆಲವು ಹೈದರಾಬಾದು ರಾಜ್ಯಕ್ಕೆ ಸೇರಿದ್ದಿತು. ಆ ನೌಕೆಯು ಬರ್ಕನ್‌ಹೆಡ್ಡಿನ ಕಾರ್ಖಾನೆಯಲ್ಲಿ ಪುನರ್ನಿರ್ಮಿತವಾಗಿ, ‘ಮೈಸೂರು’ ಎಂಬ ಹೆಸರನ್ನು ತಳೆದು, 1957ನೆಯ ಆಗಸ್ಟ್ 29ರಂದು ಭಾರತದ ಧ್ವಜವನ್ನು ಏರಿಸುವ ವೇಳೆಗೆ ಆಳಂದ, ಅಫಜಲಪುರ, ಜೇವರ್ಗಿಗಳೂ 1956ನೆಯ ನವೆಂಬರ್ 1ರ ರಾಜ್ಯಪುನರ್ವಿಂಗಡಣೆಯಿಂದ ಮೈಸೂರು ರಾಜ್ಯದೊಳಗೆ ಬಂದಿದ್ದವು. ಕೊಳ್ಳುವ ಕಾಲಕ್ಕೆ ನೆರೆನಾಡಿನದಾಗಿದ್ದ ಹೆಸರು ಧ್ವಜವೇರುವ ಕಾಲಕ್ಕೆ ಇವರ ನಾಡಿನ ಹೆಸರೇ ಆಯಿತು. 1973ರಲ್ಲಿ ರಾಜ್ಯವು ಕರ್ನಾಟಕವೆಂದು ಕರೆಯಿಸಿಕೊಂಡ ಮೇಲೂ ನೌಕೆಯು ಹಳೆಯ ಹೆಸರನ್ನೇ ಹೊತ್ತು ಸಂಚರಿಸಿತು.

ಈ ನೌಕೆಯ ಚರಿತ್ರೆಯನ್ನು ಬರೆದವರೆಲ್ಲರೂ ಅದರ ಕದನಗಳನ್ನು ವರ್ಣಿಸಿದ್ದಾರೆ. ಕದನಗಳ ನಡುವೆ ಅದು ದುರಸ್ತಿಯಲ್ಲಿದ್ದ ತಿಂಗಳುಗಳನ್ನು ಒಂದೊಂದು ವಾಕ್ಯದಲ್ಲಿ ದಾಟಿಸಿಬಿಟ್ಟಿದ್ದಾರೆ. ನಾವಿಕರ ಆರೋಗ್ಯದ ದೃಷ್ಟಿಯಿಂದ ನೋಡಿದರೆ ಈ ಕ್ರಮವು ತಲೆಕೆಳಗಾದುದೆಂದೇ ಹೇಳಬೇಕಾಗುತ್ತದೆ.

ಮೊದಲು ಕದನಗಳ ವಿಷಯ. ನ್ಯೂಕಾಸಲ್ ಬಳಿಯ ವಾಕರ್ ಎಂಬಲ್ಲಿ ವಿಕರ್ಸ್ ಆರ್ಮ್‌ಸ್ಟ್ರಾಂಗ್ ಸಂಸ್ಥೆಯವರು 1938ರಲ್ಲಿ ಇದಕ್ಕೆ ಅಡಿಪಟ್ಟಿಯನ್ನಿಟ್ಟರು; 1939ರ ಜುಲೈನಲ್ಲಿ ನೀರಿಗಿಳಿಸಿದರು; 1940ರ ಸೆಪ್ಟೆಂಬರಿನಲ್ಲಿ ನೌಕೆಯು ಸೇವೆಗೆ ಸೇರಿತು. 1941ರ ಜೂನ್ ತಿಂಗಳಲ್ಲಿ ಉತ್ತರ ಸಮುದ್ರಗಳಲ್ಲಿ ಜರ್ಮನರ ‘ಲೌವೆನ್‌ಬುರ್ಗ್’ ಎಂಬ ಹವಾಮಾನನೌಕೆಯನ್ನು ಹಿಡಿದು ಅದರೊಳಗಿನ ಗೂಢಲಿಪಿಯ ಕಾಗದಗಳನ್ನು ವಶಪಡಿಸಿಕೊಂಡ ಕಾರ್ಯದಲ್ಲಿ ಇದು ಭಾಗಿಯಾಗಿದ್ದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ‘ಅರೋರಾ’ ಎಂಬ ನೌಕೆಯೊಡಗೂಡಿ ‘ಬ್ರೆಮ್ಸೆ’ಯನ್ನು ಮುಳುಗಿಸಿತು. 1942ನೆಯ ಆಗಸ್ಟ್ 12ರ ಸಂಜೆ, ಮಾಲ್ಟಾ ದ್ವೀಪಕ್ಕೆ ಸಾಮಗ್ರಿಯನ್ನೊಯ್ಯುತ್ತಿದ್ದ ಪೆಡೆಸ್ಟಲ್ ಕಾರ್ಯಾಚರಣೆಯಲ್ಲಿ, ಇಟಲಿಯ ‘ಆಕ್ಸುಮ್’ ಎಂಬ ಜಲಾಂತರ್ಗಾಮಿಯು ಒಂದೇ ಸರದಿಯಲ್ಲಿ ಬಿಟ್ಟ ಟಾರ್ಪಿಡೊಗಳು ‘ನೈಜೀರಿಯಾ’, ‘ಕೈರೊ’, ‘ಒಹಾಯೊ’ ಎಂಬ ಮೂರು ನೌಕೆಗಳಿಗೂ ತಗುಲಿದುವು. ‘ನೈಜೀರಿಯಾ’ದಲ್ಲಿ 52 ಮಂದಿ ಮಡಿದರು. ದಳಪತಿ ಬರೋ ಎಂಬವರು ಬೇರೆ ನೌಕೆಗೆ ದಾಟಿಕೊಂಡರು. ಗಾಯಗೊಂಡ ಕ್ರೂಸರು ಜಿಬ್ರಾಲ್ಟರಿಗೆ ಹಿಂದಿರುಗಿ, ಅಲ್ಲಿಂದ ಅಮೆರಿಕಕ್ಕೆ ಹೋಗಿ, ತಿಂಗಳುಗಟ್ಟಲೆ ದುರಸ್ತಿಯಲ್ಲಿದ್ದು, 1944ರಲ್ಲಿ ಹಿಂದೂ ಮಹಾಸಾಗರದ ಪೂರ್ವದಳವನ್ನು ಸೇರಿ ಸುಮಾತ್ರದ ಸಬಾಂಗಿನ ಮೇಲಿನ ದಾಳಿಗಳಲ್ಲಿ ಪಾಲ್ಗೊಂಡಿತು.

ಆ 52 ಮಂದಿಯ ಮರಣಕ್ಕೆ ಲೆಕ್ಕವುಂಟು, ತಾರೀಖುಂಟು. ಇದೇ ನೌಕೆಯ ಒಡಲಿನಲ್ಲಿದ್ದ ಮತ್ತೊಂದು ಅಪಾಯಕ್ಕೆ ಅಂತಹ ಲೆಕ್ಕವು ಹುಟ್ಟಲೇ ಇಲ್ಲ. ಅದರ ಹೆಸರು ಕಲ್ನಾರು.

ಕನ್ನಡದ ಈ ಸಮಾಸವು ಬಹು ಅರ್ಥವತ್ತಾದುದು. ಕಲ್ಲೇ ಆದರೂ ನಾರಿನಂತೆ ಬಿಡಿಸಬಹುದು, ನೂಲಬಹುದು, ನೇಯಬಹುದು, ಬೆಂಕಿಯಲ್ಲಿ ಬೇಯದು. ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಿನಲ್ಲಿಯೂ ಈ ಖನಿಜವು ದೊರೆಯುತ್ತಿದ್ದಿತು. ಆಳಂದ ಅಫಜಲಪುರಗಳವರು ಇದನ್ನು ಬಲ್ಲುದು ಮನೆಯ ಮೇಲಿನ ಸಿಮೆಂಟು ಶೀಟಿನ ರೂಪದಲ್ಲಿ. ಯುದ್ಧನೌಕೆಗೆ ಇದು ಬೇಕಾದ ಕಾರಣವೇ ಬೇರೆ. 1936ರ ಲಂಡನ್ ಒಪ್ಪಂದವು ಹೊಸ ಕ್ರೂಸರುಗಳ ಭಾರವನ್ನು 8,000 ಟನ್ನಿಗೆ ಮಿತಗೊಳಿಸಿದ್ದಿತು. ‘ನೈಜೀರಿಯಾ’ದ ವರ್ಗದ ನೌಕೆಗಳು ಆ ಮಿತಿಯನ್ನು ಲಕ್ಷಿಸಿಯೇ ರೂಪುಗೊಂಡವು. ನಾಲ್ಕು ಕುದಿಪಾತ್ರೆಗಳು, ನಾಲ್ಕು ಟರ್ಬೈನುಗಳು, ಅವನ್ನು ಕೂಡಿಸುವ ಉಗಿಕೊಳವೆಗಳ ಜಾಲ, ಇವುಗಳ ನಡುವೆಯೇ ಏಳುನೂರಕ್ಕೂ ಮಿಕ್ಕ ಮನುಷ್ಯರು. ಕೊಳವೆಗಳಿಗೆ ಹೊದಿಕೆಯಿಲ್ಲದಿದ್ದರೆ ಶಾಖವೂ ನಷ್ಟ, ಮನುಷ್ಯರೂ ಬದುಕಲಾರರು. ಹಗುರವಾಗಿಯೂ ಬೆಂಕಿಗೆ ಅಭೇದ್ಯವಾಗಿಯೂ ಇರುವ ಹೊದಿಕೆ ಆ ದಿನಗಳಲ್ಲಿ ಕಲ್ನಾರಿನದೇ. ಅಂದಿನ ಆಂಗ್ಲ ಉಗಿನೌಕೆಗಳಲ್ಲಿ ಇದು ಸಾರ್ವತ್ರಿಕವಾಗಿದ್ದುದರಿಂದ ‘ನೈಜೀರಿಯಾ’ವೊಂದೇ ಹೊರತೆಂದು ಎಣಿಸಲು ಕಾರಣವಿಲ್ಲ.

ಹೊದಿಕೆಯು ಗಟ್ಟಿಯಾಗಿ, ಬಣ್ಣ ಬಳಿದುಕೊಂಡು ಇದ್ದಲ್ಲಿ ಇರುವವರೆಗೆ ಅದರ ಕೇಡು ಅಲ್ಪ. ಅದನ್ನು ಗರಗಸದಿಂದ ಕೊಯ್ಯುವಾಗ, ಕಿತ್ತೆಸೆಯುವಾಗ, ತೋಪುಗಳ ಅದುರಿಗೆ ಅದು ಬಿರಿಯುವಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಏಳುತ್ತವೆ. ಉಸಿರಿನೊಡನೆ ಒಳಹೊಕ್ಕ ಎಳೆಯನ್ನು ಶ್ವಾಸಕೋಶವು ಕರಗಿಸಲಾರದು, ಹೊರದೂಡಲಾರದು. ಸುತ್ತಲೂ ಗಾಯದ ಕಲೆಯಂತಹ ಅಂಗಾಂಶವನ್ನು ಕಟ್ಟುತ್ತದೆ. ಇದು ಅಸ್ಬೆಸ್ಟೋಸಿಸ್ ಎಂಬ ರೋಗ. ಶ್ವಾಸಕೋಶದ ಅರ್ಬುದವೂ ಉಂಟಾಗಬಹುದು. ಹೊಗೆಬತ್ತಿ ಸೇದುವವನಲ್ಲಿ ಅದರ ಭಯವು ಹಲವು ಪಟ್ಟು ಹೆಚ್ಚು. ಎಲ್ಲಕ್ಕಿಂತ ಘೋರವಾದುದು ಮೆಸೊಥೀಲಿಯೋಮ ಎಂಬ, ಎದೆಯ ಒಳಪೊರೆಯ ಅರ್ಬುದ. ಧೂಳನ್ನು ಕುಡಿದ ದಿನಕ್ಕೂ ರೋಗವು ತೋರುವ ದಿನಕ್ಕೂ ನಡುವೆ 20ರಿಂದ 50 ವರ್ಷಗಳ ಅಂತರವಿರಬಹುದು.

ಅಂದಮೇಲೆ ಟಾರ್ಪಿಡೊ ಹೊಡೆದ ಸಂಜೆಯಷ್ಟೇ ಅದರ ಬಳಿಕ ಹರಿದ ಕೊಳವೆಗಳನ್ನು ಕಿತ್ತು ಹೊಸದಾಗಿ ಸುತ್ತಿದ ತಿಂಗಳುಗಳೂ ಮುಖ್ಯವಾಗುತ್ತವೆ. 1954ರಿಂದ 1957ರವರೆಗಿನ ಪುನರ್ನಿರ್ಮಾಣದ ಕಾಲವೂ ಅಂತಹುದೇ. ಚರಿತ್ರಕಾರನಿಗೆ ಬರಿದಾಗಿ ಕಾಣುವ ಪುಟಗಳು ವೈದ್ಯನಿಗೆ ತುಂಬಿದ ಪುಟಗಳು.

ಇದು ಆಗ ಯಾರಿಗೂ ತಿಳಿಯದ ಸಂಗತಿಯಾಗಿದ್ದಿತೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ರಾಚ್‌ಡೇಲಿನ ಕಲ್ನಾರಿನ ಗಿರಣಿಯಲ್ಲಿ ದುಡಿದ ನೆಲ್ಲಿ ಕರ್ಶಾ ಎಂಬಾಕೆ 1924ರಲ್ಲಿ ತೀರಿಕೊಂಡಳು. ಆಕೆಯ ಶ್ವಾಸಕೋಶವನ್ನು ಪರೀಕ್ಷಿಸಿದ ಕುಕ್ ಎಂಬ ವೈದ್ಯನು 1927ರಲ್ಲಿ ರೋಗಕ್ಕೆ ಅದರ ಈಗಿನ ಹೆಸರನ್ನಿಟ್ಟನು. 1930ರಲ್ಲಿ ಮೆರೆವೆದರ್ ಮತ್ತು ಪ್ರೈಸ್ ಎಂಬವರು ಬ್ರಿಟಿಷ್ ಸರ್ಕಾರಕ್ಕೆ ವರದಿಯೊಪ್ಪಿಸಿದರು. 1931ರಲ್ಲಿ ನಿಯಮಗಳು ಬಂದುವು. ಆದರೆ ಆ ನಿಯಮಗಳನ್ನು ಮುಖ್ಯವಾಗಿ ಕಲ್ನಾರನ್ನು ತಯಾರಿಸುವ ಕಾರ್ಖಾನೆಗಳನ್ನು ಕಣ್ಣಮುಂದಿಟ್ಟುಕೊಂಡು ರಚಿಸಿದ್ದರು. ಏಳು ವರ್ಷಗಳ ಅನಂತರ ‘ನೈಜೀರಿಯಾ’ಕ್ಕೆ ಅಡಿಪಟ್ಟಿಯನ್ನಿಟ್ಟಾಗ ಹಡಗುಕಟ್ಟೆಯ ಧೂಳನ್ನು ಅಳೆಯುವವರು ಇರಲಿಲ್ಲ.

1946ರಲ್ಲಿ ಅಮೆರಿಕದ ವಿದ್ವಾಂಸರು ನೌಕೆಗಳ ಕೊಳವೆಗಳಿಗೆ ಹೊದಿಕೆ ಸುತ್ತುವ 1,074 ಕೆಲಸಗಾರರನ್ನು ಪರೀಕ್ಷಿಸಿ, ಮೂವರಲ್ಲಿ ಮಾತ್ರ ರೋಗವನ್ನು ಕಂಡು, ಈ ಕಸಬು ವಿಶೇಷ ಅಪಾಯಕರವಲ್ಲವೆಂದು ತೀರ್ಮಾನಿಸಿದರು. ಆ ಮೂವರೂ 20 ವರ್ಷಕ್ಕಿಂತ ಹೆಚ್ಚು ದುಡಿದವರು. ಉಳಿದವರಲ್ಲಿ ಬಹುಮಂದಿ ಯುದ್ಧಕಾಲದಲ್ಲಿ ಸೇರಿದ, ಹತ್ತು ವರ್ಷವೂ ತುಂಬದ ಹೊಸಬರು. ಬಿತ್ತಿದ ತಿಂಗಳಿಗೆ ತೊಗರಿಯ ಹೊಲವನ್ನು ನೋಡಿ ಈ ವರ್ಷ ಕಾಯಿಲ್ಲವೆಂದು ಬರೆದುಕೊಂಡಂತಾಯಿತು. ಅಂಕಿಗಳು ಸತ್ಯ; ತೀರ್ಮಾನವು ತಪ್ಪು. ಈ ವರದಿಯು ಬಹುಕಾಲ ಪ್ರಮಾಣವೆಂದು ಸಲ್ಲಿತೆಂಬುದು ವಿಷಾದಕರ. 1960ರಲ್ಲಿ ದಕ್ಷಿಣ ಆಫ್ರಿಕದಿಂದ ಮೆಸೊಥೀಲಿಯೋಮದ ಸಾಕ್ಷ್ಯವು ಬಂದಿತು. 1968ರಲ್ಲಿ ಡೆವನ್‌ಪೋರ್ಟ್ ನೌಕಾಂಗಣದ ಶೋಧನೆಯು ಪ್ರಕಟವಾಗಿ, ಹೊದಿಕೆಯನ್ನು ಸ್ವತಃ ಮುಟ್ಟದ ಅನ್ಯ ಕಸಬಿನವರೂ ರೋಗಕ್ಕೆ ತುತ್ತಾದುದು ತಿಳಿದುಬಂದಿತು. ಒಂದೇ ಯಂತ್ರಶಾಲೆಯ ಗಾಳಿಯು ಎಲ್ಲರಿಗೂ ಒಂದೇ ಅಲ್ಲವೆ?

ಈ ಅವಧಿಯಲ್ಲೆಲ್ಲ ‘ಮೈಸೂರು’ ಸಂಚಾರದಲ್ಲಿದ್ದಿತು. ಒಂಬತ್ತು ಆರಂಗುಲದ ತೋಪುಗಳ ಈ ನೌಕೆಯು ‘ದೆಹಲಿ’ಯ ಬಳಿಕ ಭಾರತಕ್ಕೆ ದೊರೆತ ಎರಡನೆಯ ಕ್ರೂಸರು. 1959ರಲ್ಲಿ ಸಿಂಹಳದ ಬಳಿ ಬ್ರಿಟಿಷರ ‘ಹೋಗ್’ ನೌಕೆಯೊಡನೆ ಡಿಕ್ಕಿಯಾಯಿತು. ಪೆಟ್ಟು ಹೆಚ್ಚಾಗಿ ಬಿದ್ದುದು ‘ಹೋಗ್’ಗೆ. 1971ರ ಯುದ್ಧದಲ್ಲಿ ಮೂವತ್ತು ದಾಟಿದ ಈ ಮುದಿನೌಕೆಯೇ ಪಶ್ಚಿಮದಳದ ಧ್ವಜನೌಕೆ. ದಳಪತಿ ಕುರುವಿಲ್ಲ ಅವರು ಇದರ ಮೇಲಿಂದಲೇ ಆಜ್ಞೆಗಳನ್ನು ಕೊಟ್ಟರು. 1985ನೆಯ ಆಗಸ್ಟ್ 20ರಂದು ನಿವೃತ್ತವಾಯಿತು. 1999ರಲ್ಲಿ ಸೇವೆಗೆ ಸೇರಿದ ಅದೇ ಹೆಸರಿನ ಹೊಸ ನೌಕೆಯ ಲಾಂಛನದಲ್ಲಿ ಗಂಡಭೇರುಂಡವಿದೆ.

ಕಾನೂನಿನ ಇತಿಹಾಸವನ್ನು ಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಶೇಷವು ಕಾಣುತ್ತದೆ. ಭಾರತದ 1948ರ ಕಾರ್ಖಾನೆಗಳ ಕಾಯಿದೆಯು ಸೈನ್ಯದ ಚಲಿಸುವ ಘಟಕಗಳನ್ನು ‘ಕಾರ್ಖಾನೆ’ ಎಂಬ ಶಬ್ದದ ವ್ಯಾಖ್ಯೆಯಿಂದ ಹೊರಗಿರಿಸಿದ್ದಿತು. ಬ್ರಿಟನ್ನಿನ 1947ರ ಕಾಯಿದೆಯೊಂದು ಯೋಧರು ಸೇವೆಯಲ್ಲಿ ಉಂಟಾದ ಹಾನಿಗಾಗಿ ಸರ್ಕಾರದ ಮೇಲೆ ದಾವೆ ಹೂಡದಂತೆ ತಡೆಯಿತು. 1987ರಲ್ಲಿ ಆ ತಡೆಯನ್ನು ತೆಗೆದರೂ ಹಿಂದಿನವರಿಗೆ ಅದು ಅನ್ವಯಿಸಲಿಲ್ಲ. ಮೆಸೊಥೀಲಿಯೋಮಕ್ಕೆ ತುತ್ತಾದ ಹಳೆಯ ಯೋಧರಿಗೆ 1,40,000 ಪೌಂಡುಗಳ ಪರಿಹಾರವನ್ನು ಒಪ್ಪಿದುದು 2015ರ ಡಿಸೆಂಬರಿನಲ್ಲಿ. ಹೊಸದಾಗಿ ಕಲ್ನಾರನ್ನು ಅಳವಡಿಸುವುದನ್ನು 2011ರಿಂದ ಪೂರ್ತಿಯಾಗಿ ನಿಷೇಧಿಸಿರುವ ಅಂತರರಾಷ್ಟ್ರೀಯ ಒಡಂಬಡಿಕೆಯೂ ಯುದ್ಧನೌಕೆಗಳನ್ನು ಬಿಟ್ಟು ಉಳಿದ ಹಡಗುಗಳಿಗೆ ಮಾತ್ರ. ದೋಷವು ಗೊತ್ತಾದಾಗಲೆಲ್ಲ ಯುದ್ಧನೌಕೆಯು ವ್ಯಾಖ್ಯೆಯ ಬಾಗಿಲಿನ ಹೊರಗೆ ನಿಂತಿತು.

1995ರ ಜನವರಿಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಕಲ್ನಾರಿನ ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ಬಳಿಕ 15 ವರ್ಷ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ವಿಧಿಸಿತು. ರೋಗದ ಸ್ವಭಾವವನ್ನು ಅರಿತ ತೀರ್ಪು ಇದು. ಆದರೆ ಇದರ ಉದ್ದೇಶವೂ ಗಣಿ, ಕಾರ್ಖಾನೆಗಳ ದುಡಿಮೆಗಾರರು.

ಜೇವರ್ಗಿಯ ಹಳ್ಳಿಯೊಂದರಿಂದ ಹೋಗಿ, 1960ರ ದಶಕದಲ್ಲಿ ಇಂತಹ ನೌಕೆಯ ಕುದಿಪಾತ್ರೆಗಳ ಬಳಿ ದುಡಿದು, ಊರಿಗೆ ಮರಳಿದವನೊಬ್ಬನನ್ನು ಊಹಿಸಿಕೊಳ್ಳಬಹುದು. ಮೂವತ್ತು ವರ್ಷ ಕಳೆದು ದಮ್ಮು ಕಟ್ಟಿದರೆ ಊರಿನವರು ಮುಪ್ಪೆನ್ನುವರು. ವೈದ್ಯನು ಮೊದಲು ಕ್ಷಯವನ್ನು ಶಂಕಿಸುವನು. ಶಹಾಬಾದಿನ ಕಡೆಯವನಾದರೆ ಕಲ್ಲುಗಣಿಯ ಧೂಳನ್ನು ನೆನೆಯುವನು. ಸಮುದ್ರವನ್ನು ನೆನೆಯುವವರಾರು? ರೋಗಿಯೇ ಅದನ್ನು ಹೇಳುವುದಿಲ್ಲ, ಏಕೆಂದರೆ ಅವನ ಪಾಲಿಗೆ ಕಡಲೆಂದರೆ ಗಾಳಿ ತುಂಬಿದ ಬಯಲು.

ಈ ಮೂರು ತಾಲ್ಲೂಕುಗಳ ಶಾಲೆಗಳಲ್ಲಿ ಉಪಾಧ್ಯಾಯರು ಹಳೆಯ ಸೈನಿಕರ ನೆನಪುಗಳನ್ನು ಬರೆದಿಡುವುದಾದರೆ, ಯಾವ ಯುದ್ಧ ಎಂಬ ಪ್ರಶ್ನೆಯ ಜೊತೆಗೆ ನೌಕೆಯ ಯಾವ ಅಂತಸ್ತು, ಯಾವ ಕಸಬು, ದುರಸ್ತಿಯ ಕಾಲದಲ್ಲಿ ಹಡಗಿನೊಳಗೇ ಇದ್ದರೆ ಎಂಬುದನ್ನೂ ಕೇಳಬೇಕಾಗುತ್ತದೆ. ಪದಕವು ಗೋಡೆಯ ಮೇಲೆ ಸಿಗುತ್ತದೆ. ಈ ಪ್ರಶ್ನೆಗಳಿಗೆ ಉತ್ತರವಿರುವುದು ಪೆಟ್ಟಿಗೆಯ ತಳದ ಸೇವಾಪುಸ್ತಕದಲ್ಲಿ. ವೈದ್ಯನಿಗೆ ತೋರಿಸಬೇಕಾದ ಕಾಗದವೂ ಅದೇ.